ಬಣ್ಣ ನಂಬಬೇಡಿ, ಎರಕ ಓದಿ

ಗದಗ ಸೀಮೆಯ ಕೆಲವು ಊರುಗಳಲ್ಲಿ ಬಣವೆಯ ಮರೆಗೋ ಹಾಳುಬಿದ್ದ ಕೊಟ್ಟಿಗೆಯ ಪಕ್ಕಕ್ಕೋ ಹಳೆಯ ಟ್ರ್ಯಾಕ್ಟರೊಂದು ನಿಂತಿರುವುದುಂಟು. ಹಿಂದಿನ ಗಾಲಿ ಅರ್ಧ ಮಣ್ಣಲ್ಲಿ ಹೂತಿರುತ್ತದೆ, ಸೀಟಿನ ತಗಡು ತುಕ್ಕು ತಿಂದು ತೂತಾಗಿರುತ್ತದೆ, ಬಾನೆಟ್ಟಿನ ಮೇಲೆ ಕುಳ್ಳು ಒಣಗುತ್ತಿರುತ್ತವೆ. ಇದು ಯಾವ ಕಂಪನಿಯದು ಎಂದು ಕೇಳಿದರೆ ಮನೆಯವರು ತಡವರಿಸುವುದಿಲ್ಲ. "ರಷ್ಯಾ ಗಾಡಿರೀ, ನಮ್ಮ ಮುತ್ಯಾ ತಂದಿದ್ದ" ಎನ್ನುತ್ತಾರೆ. ಬಾಜೂ ಮನೆಯವರು "ಏ, ಅದು ಜರ್ಮನಿದು" ಎಂದು ವಾದಕ್ಕಿಳಿಯುತ್ತಾರೆ. ಗುಜರಿಯವನಿಗೆ ಮಾತ್ರ ಯಾವ ಅನುಮಾನವೂ ಇಲ್ಲ. ಅವನ ಲೆಕ್ಕದಲ್ಲಿ ಅದು ಇಷ್ಟು ಕ್ವಿಂಟಲ್ ಕಬ್ಬಿಣ, ಅಷ್ಟೆ.

ಬಣ್ಣ, ಬಾನೆಟ್ಟು, ಬಾಯಿಮಾತು ಈ ಮೂರನ್ನು ನಂಬಿ ಹಳೆಯ ಟ್ರ್ಯಾಕ್ಟರಿನ ಕುಲ ಹೇಳಹೊರಟರೆ ದಾರಿ ತಪ್ಪುತ್ತದೆ. ಬಣ್ಣವನ್ನು ಕಾರಹುಣ್ಣಿಮೆಗೊಮ್ಮೆ ಬಳಿದಿರುತ್ತಾರೆ. ಬಾನೆಟ್ಟು ಯಾವುದೋ ಅಪಘಾತದಲ್ಲಿ ನುಗ್ಗಾಗಿ ಬೇರೆ ಗಾಡಿಯದನ್ನು ಕೂರಿಸಿರುತ್ತಾರೆ. ಬಾಯಿಮಾತು ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ದೇಶವನ್ನೇ ಬದಲಿಸಿರುತ್ತದೆ. ಬದಲಾಗದೆ ಉಳಿಯುವುದು ಎರಕದ ಕಬ್ಬಿಣ. ಗೇರ್‌ಬಾಕ್ಸಿನ ಹೊಟ್ಟೆ, ಎಂಜಿನ್ನಿನ ಬ್ಲಾಕು, ಹಿಂದಿನ ಆಕ್ಸಲ್ಲಿನ ಹೌಸಿಂಗ್ ಇವುಗಳ ಮೇಲೆ ಅಚ್ಚಿನಿಂದಲೇ ಎದ್ದು ಬಂದ ಅಕ್ಷರ, ಅಂಕಿಗಳನ್ನು ಯಾವ ಪೇಂಟರೂ ಅಳಿಸಲಾರ. ಅದನ್ನು ಓದುವುದು ಕಲಿತರೆ ಗಾಡಿಯೇ ತನ್ನ ಊರು, ವರ್ಷ, ಹೆಸರು ಹೇಳುತ್ತದೆ.

ನಮ್ಮ ಭಾಗದಲ್ಲಿ ಈ ಕೆಲಸ ಸ್ವಲ್ಪ ಸಿಕ್ಕು. ಕಾರಣ ನಮ್ಮ ಸೀಮೆಯ ಇತಿಹಾಸದಲ್ಲೇ ಇದೆ. 1948ರ ತನಕ ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಒಂದು ದಿನದ ಚಕ್ಕಡಿ ಹಾದಿಯೊಳಗೆ ಮೂರು ಸರಕಾರ! ಸಂಸ್ಥಾನಗಳು ವಿಲೀನವಾಗಿ ಎಲ್ಲ ಒಂದೇ ಧಾರವಾಡ ಜಿಲ್ಲೆಯಾಯಿತು, 1956ರಲ್ಲಿ ಮೈಸೂರು ರಾಜ್ಯ ಬಂತು, 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು, 1997ರಲ್ಲಿ ಗದಗ ಜಿಲ್ಲೆಯಾಯಿತು. ಹೀಗಾಗಿ ಒಂದೇ ಹೊಲದಲ್ಲಿ ದುಡಿದ ಗಾಡಿಯ ಕಾಗದಪತ್ರ ಬೇರೆ ಬೇರೆ ಕಚೇರಿಗಳ ಸಿಕ್ಕೆ ಹೊತ್ತಿರಬಹುದು. ನಂಬರ್ ಪ್ಲೇಟಿನ ಮೊದಲ ಅಕ್ಷರ ಇಲ್ಲಿ ಒಂದು ಸುಳಿವು. ಇಂಗ್ಲಿಷಿನ 'ಬಿ'ಯಿಂದ ಶುರುವಾಗಿದ್ದರೆ ಮುಂಬಯಿ ಕಾಲದ್ದು. 'ಎಂವೈ', 'ಎಂಇ' ಇದ್ದರೆ ಮೈಸೂರು ರಾಜ್ಯದ ಸಾಲಿನದು. 'ಕೆಎ 26' ಎಂದಿದ್ದರೆ ಗದಗ ಜಿಲ್ಲೆಯಾದ ಮೇಲೆ ಬರೆಸಿದ ನಂಬರು. ಆದರೆ ಹಳೆಯ ಗಾಡಿಯನ್ನು ಮರುನೋಂದಣಿ ಮಾಡಿಸಿದಾಗಲೂ ಹೊಸ ನಂಬರು ಬರುತ್ತದೆ. ಆದ್ದರಿಂದ ಪ್ಲೇಟು ಹೊಸದು ಎಂದ ಮಾತ್ರಕ್ಕೆ ಗಾಡಿಯೂ ಹೊಸದು ಎನ್ನುವಂತಿಲ್ಲ.

ಇಲ್ಲಿಯ ಮಣ್ಣಿನ ಮಾತೂ ಹೇಳಬೇಕು. ಮುಂಡರಗಿ, ಗದಗದ ಎರಿ ಹೊಲಗಳಲ್ಲಿ ಕುಂದ, ಕರಿಕೆ ಹೊಕ್ಕರೆ ಎತ್ತಿನ ರಂಟೆಗೆ ಅವು ಜಗ್ಗುವುದಿಲ್ಲ. ಬೇರು ಮೊಳಗಟ್ಟಲೆ ಇಳಿದಿರುತ್ತದೆ. ಹಲವು ಜೋಡಿ ಎತ್ತು ಹೂಡಿ ಬೇಸಿಗೆಯಲ್ಲಿ ಹೊಲ ಎಬ್ಬಿಸುವುದು ಹಣವಂತರಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಟ್ರ್ಯಾಕ್ಟರ್ ಮೊದಲು ಇಂಥ ಆಳದ ನೇಗಿಲಿಗಾಗಿ ಬೇಕಾಯಿತು. ಟ್ರೇಲರ್ ಎಳೆಯುವ, ಮದುವೆ ದಿಬ್ಬಣ ಒಯ್ಯುವ ಕೆಲಸಗಳು ಆಮೇಲೆ ಬಂದವು. ಸ್ವಾತಂತ್ರ್ಯ ಬಂದ ಕಾಲಕ್ಕೆ ಕೇಂದ್ರ ಸರಕಾರ ಕೇಂದ್ರೀಯ ಟ್ರ್ಯಾಕ್ಟರ್ ಸಂಘಟನೆ ಕಟ್ಟಿ, ಯುದ್ಧದಲ್ಲಿ ಮಿಕ್ಕ ಯಂತ್ರಗಳನ್ನೂ ಹೊರದೇಶದಿಂದ ತರಿಸಿದವನ್ನೂ ಇಟ್ಟುಕೊಂಡು ಮಧ್ಯ ಭಾರತದಲ್ಲಿ ಕಾಸೆ ಹುಲ್ಲು ಕೀಳಲು ಹೊರಟದ್ದು ಇದೇ ಉದ್ದೇಶಕ್ಕೆ. ಶಿರಹಟ್ಟಿ ಕಡೆಯ ಮಸಾರಿ ನೆಲಕ್ಕೆ ಅಷ್ಟು ಬಲ ಬೇಡ, ಸಣ್ಣ ಗಾಡಿಯೂ ಸಾಕು. ಒಂದು ಗಾಡಿ ಎಲ್ಲಿ ದುಡಿದಿರಬಹುದು ಎಂದು ಅಂದಾಜಿಸುವಾಗ ಅದರ ತೂಕವನ್ನು, ಹಿಂದಿನ ಗಾಲಿಯ ಗಾತ್ರವನ್ನು ನೋಡುವುದು ಇದಕ್ಕೇ.

1959ರ ವರೆಗೆ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತಿರಲಿಲ್ಲ. ಅಲ್ಲಿಯ ತನಕ ಓಡಿದ್ದೆಲ್ಲ ಹಡಗಿನಲ್ಲಿ ಬಂದದ್ದು. ಅದರಲ್ಲಿ ದೊಡ್ಡ ಪಾಲು ಇಂಗ್ಲೆಂಡಿನದು. ಫೋರ್ಡ್‌ಸನ್ ಎಂಬ ಹೆಸರು 1917ರಲ್ಲಿ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಹುಟ್ಟಿತು. ತಯಾರಿಕೆ ಐರ್ಲೆಂಡಿನ ಕಾರ್ಕ್‌ಗೆ ಹೋಗಿ, 1933ರಲ್ಲಿ ಲಂಡನ್ ಹತ್ತಿರದ ಡ್ಯಾಗೆನ್‌ಹ್ಯಾಮ್‌ಗೆ ಬಂದು ನಿಂತಿತು. ಹಳೆಯ ಫೋರ್ಡ್‌ಸನ್ ಸೀಮೆಎಣ್ಣೆಯ ಗಾಡಿ. ಇದನ್ನು ಗುರುತಿಸಲು ಪುಸ್ತಕ ಬೇಡ, ಟ್ಯಾಂಕು ಎಣಿಸಿದರೆ ಸಾಕು. ಒಂದು ದೊಡ್ಡ ಟ್ಯಾಂಕಿನ ಜೊತೆಗೆ ಒಂದು ಪುಟ್ಟ ಟ್ಯಾಂಕು ಇದ್ದರೆ ಅದು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿ. ನೋಜಲ್ ಇರುವುದಿಲ್ಲ, ಪ್ಲಗ್ಗು ಇರುತ್ತದೆ. ಡೀಸೆಲ್ ಪಂಪಿನ ಜಾಗದಲ್ಲಿ ಕಾರ್ಬುರೇಟರ್ ಕೂತಿರುತ್ತದೆ. ಹೀಗಿದ್ದರೆ ಅದು ಬಹುಮಟ್ಟಿಗೆ 1950ರ ದಶಕದ ಮಧ್ಯಕ್ಕಿಂತ ಹಿಂದಿನದು. ಅಂಥದ್ದನ್ನು ಗುಜರಿಗೆ ಹಾಕುವ ಮುಂಚೆ ನಾಲ್ಕು ಸಲ ಯೋಚಿಸಬೇಕು. ನೀಲಿ ಮೈ, ಕಿತ್ತಳೆ ಗಾಲಿಯ ಫೋರ್ಡ್‌ಸನ್ ಮೇಜರ್, ಅದರ ತಮ್ಮ ಡೆಕ್ಸ್ಟಾ ಇವೆಲ್ಲ ಆಮೇಲಿನ ಡೀಸೆಲ್ ಸಂತಾನ. ಡೆಕ್ಸ್ಟಾ ತಯಾರಾದದ್ದು 1957ರಿಂದ 1964ರ ತನಕ.

ಇನ್ನೊಂದು ಫರ್ಗ್ಯೂಸನ್. ಇದರ ಬಗ್ಗೆ ನನಗೆ ವಿಶೇಷ ಪ್ರೀತಿ, ಮುಚ್ಚಿಡುವುದೇಕೆ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬ ರೈತನ ಮಗ ನೇಗಿಲನ್ನು ಗಾಡಿಯ ಹಿಂದೆ ಸರಪಳಿಯಿಂದ ಎಳೆಯುವ ಬದಲು ಮೂರು ಕೊಂಡಿಗಳಿಂದ ಗಾಡಿಗೇ ಜೋಡಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಪದ್ಧತಿ ತಂದ. ಇಂದು ಗದಗದ ಎಪಿಎಂಸಿ ಮುಂದೆ ನಿಂತ ಯಾವ ಟ್ರ್ಯಾಕ್ಟರಿನ ಹಿಂಭಾಗ ನೋಡಿದರೂ ಕಾಣುವ ಆ ಮೂರು ತೋಳುಗಳು ಅವನ ಕಾಣಿಕೆ. ಅವನ ಟಿಇ 20 ಮಾದರಿ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ 1946ರಿಂದ 1956ರ ವರೆಗೆ ತಯಾರಾಯಿತು, ಐದು ಲಕ್ಷಕ್ಕೂ ಮಿಕ್ಕಿ. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಜಾತಿಯ ಗಾಡಿಗಳಲ್ಲಿ. ಇದರ ಹೆಸರಿನ ಅಕ್ಷರಗಳೇ ಜಾತಕ: ಟಿ ಎಂದರೆ ಟ್ರ್ಯಾಕ್ಟರ್, ಇ ಎಂದರೆ ಇಂಗ್ಲೆಂಡ್. ಅವುಗಳ ಮುಂದಿನ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆ. ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್ ಇದ್ದರೆ ಟಿಇಎ, ಸೀಮೆಎಣ್ಣೆಯದಾದರೆ ಟಿಇಡಿ, 1951ರಿಂದ ಬಂದ ಡೀಸೆಲ್ಲಿನದು ಟಿಇಎಫ್. ಸ್ಟೀರಿಂಗಿನ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಪಟ್ಟಿಯೊಂದರಲ್ಲಿ ಈ ಅಕ್ಷರ ಮತ್ತು ಕ್ರಮಸಂಖ್ಯೆ ಇರುತ್ತವೆ. ಎಷ್ಟನೆಯ ನಂಬರಿನಿಂದ ಎಷ್ಟನೆಯದು ಯಾವ ವರ್ಷದ್ದು ಎಂಬ ಪಟ್ಟಿ ಇಂಗ್ಲೆಂಡಿನ ಹಳೆ ಟ್ರ್ಯಾಕ್ಟರ್ ಪ್ರಿಯರ ಬಳಿ ಸಿದ್ಧವಾಗಿಯೇ ಇದೆ. ಪಟ್ಟಿ ಕಿತ್ತುಹೋಗಿದ್ದರೂ ಇದನ್ನು ಗುರುತಿಸುವುದು ಕಷ್ಟವಲ್ಲ. ಗಾಡಿ ತಗ್ಗು, ಮೈಯೆಲ್ಲ ಬೂದು ಬಣ್ಣ, ಎಲ್ಲೂ ಅಲಂಕಾರವಿಲ್ಲ.

ಇದರ ಮಗ ಎಂಎಫ್ 35. ಇದನ್ನು ನೋಡಿದರೆ ಎರಕ ಓದುವುದರ ಲಾಭ ಚೆನ್ನಾಗಿ ತಿಳಿಯುತ್ತದೆ. ಫರ್ಗ್ಯೂಸನ್ ಕಂಪನಿ 1953ರಲ್ಲಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. 1956ರಲ್ಲಿ ಬಂದ ಹೊಸ 35 ಮಾದರಿಗೆ ಮೊದಲು ಬೂದು ಮೈ, ಬಂಗಾರದ ಛಾಯೆಯ ಎಂಜಿನ್ ಇತ್ತು, ಮರುವರ್ಷ ಕೆಂಪಾಯಿತು. ಮೊದಮೊದಲಿನ ಡೀಸೆಲ್ ಗಾಡಿಗಳಲ್ಲಿ ಇದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್. ತಣ್ಣಗಿನ ಮುಂಜಾನೆ ಚಾಲೂ ಆಗಲು ಬಹಳ ಸತಾಯಿಸುತ್ತದೆಂದು ಅದು ಹೆಸರು ಕೆಡಿಸಿಕೊಂಡಿತ್ತು. 1959ರಲ್ಲಿ ಅದನ್ನು ಬಿಟ್ಟು ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನದನ್ನು ಹಾಕಿದರು. ಮದ್ರಾಸಿನ ಟಾಫೆ ಈ ಕುಲದ ಗಾಡಿಯನ್ನು ಇಲ್ಲಿ ತಯಾರಿಸತೊಡಗಿದ್ದು 1960ರ ದಶಕದಲ್ಲಿ. ಹಾಗಾದರೆ ನಿಮ್ಮ ಹಿತ್ತಲಲ್ಲಿರುವ ಕೆಂಪು 35ರ ಪಂಪಿನಿಂದ ನೋಜಲ್‌ಗಳಿಗೆ ಹೋಗುವ ಸಣ್ಣ ಉಕ್ಕಿನ ಪೈಪುಗಳನ್ನು ಎಣಿಸಿ. ಮೂರಿದ್ದರೆ ಅದು ಕೊವೆಂಟ್ರಿಯದೂ ಇರಬಹುದು, ಮದ್ರಾಸಿನದೂ ಇರಬಹುದು. ನಾಲ್ಕಿದ್ದು, ಎಂಜಿನ್ ಮೂಲದ್ದೇ ಆಗಿದ್ದರೆ ಮಾತು ಮುಗಿಯಿತು. ಅದು ಟಾಫೆ ಶುರುವಾಗುವ ಮುಂಚಿನದು, ಸಮುದ್ರ ದಾಟಿ ಬಂದದ್ದು. ಇಷ್ಟು ತಿಳಿಯಲು ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ.

ಪೈಪು ಎಣಿಸುವ ಈ ಉಪಾಯ ಬೇರೆಡೆಗೂ ಬರುತ್ತದೆ. ಒಂದೇ ಪೈಪು, ರೇಡಿಯೇಟರೂ ಇಲ್ಲ, ಸಿಲಿಂಡರಿನ ಸುತ್ತ ಗಾಳಿಗೆ ತಣಿಯುವ ರೆಕ್ಕೆಗಳಿವೆ ಎಂದರೆ ಐಷರ್. ಬವೇರಿಯಾದ ಐಷರ್ ಸೋದರರ ವಿನ್ಯಾಸ ಅದು. 1959ರ ಏಪ್ರಿಲ್ 24ರಂದು ಫರೀದಾಬಾದಿನ ಕಾರ್ಖಾನೆಯಿಂದ ಹೊರಬಂದ ಭಾರತದ ಮೊದಲ ಟ್ರ್ಯಾಕ್ಟರೂ ಐಷರ್. ಮುತ್ಯಾ ತಂದದ್ದು ಜರ್ಮನಿಯದು ಎಂಬ ಮಾತಿನಲ್ಲಿ ಎಷ್ಟೋ ಸಲ ಅರ್ಧ ಸತ್ಯ ಇರುವುದು ಇಲ್ಲಿ: ವಿನ್ಯಾಸ ಜರ್ಮನಿಯದು, ಕಬ್ಬಿಣ ಹರಿಯಾಣದ್ದು. ಒಂದೇ ಪೈಪು, ಆದರೆ ನೀರಿನಿಂದ ತಣಿಯುವ ಪುಟ್ಟ ಗಾಡಿ ಎಂದರೆ ಖಾರ್ಕೊವ್ ಕಾರ್ಖಾನೆಯ ಡಿಟಿ 14 ಅಥವಾ ಡಿಟಿ 20 ಎಂದು ಅನುಮಾನಿಸಬಹುದು. ಎರಕದ ಮೇಲೆ ರಷ್ಯನ್ ಲಿಪಿ ಕಂಡರೆ ಅನುಮಾನವೂ ಉಳಿಯುವುದಿಲ್ಲ. ರಷ್ಯಾ ಗಾಡಿ ಎಂದು ನಾವು ಕರೆಯುವ ಇದರ ಊರು ಇಂದು ಇರುವುದು ಉಕ್ರೇನಿನಲ್ಲಿ.

ಈ ಪೂರ್ವ ಯುರೋಪಿನ ಗಾಡಿಗಳು ಇಷ್ಟೊಂದು ಬಂದದ್ದೇಕೆ? 1960ರ ದಶಕದಲ್ಲಿ ಭಾರತದ ಬಳಿ ಡಾಲರು, ಪೌಂಡು ತೀರಾ ಕಡಿಮೆ. ಇಂಗ್ಲೆಂಡಿನ ಗಾಡಿ ಬೇಕೆಂದರೆ ಪೌಂಡು ಕೊಡಬೇಕು. ಸೋವಿಯತ್ ಒಕ್ಕೂಟ, ಜೆಕೊಸ್ಲೊವಾಕಿಯಾ, ಪೋಲೆಂಡ್, ರುಮೇನಿಯಾ, ಪೂರ್ವ ಜರ್ಮನಿಗಳು ರೂಪಾಯಿ ಒಪ್ಪಂದದ ಮೇಲೆ ವ್ಯಾಪಾರ ಮಾಡುತ್ತಿದ್ದವು. ನಾವು ಸರಕು ಕೊಟ್ಟು ಟ್ರ್ಯಾಕ್ಟರ್ ತರಬಹುದಿತ್ತು. ಹಸಿರು ಕ್ರಾಂತಿಯ ಹುರುಪಿನಲ್ಲಿ ಬೇಡಿಕೆ ಏರಿತು, ದೇಶದ ಕಾರ್ಖಾನೆಗಳಿಗೆ ಪೂರೈಸಲಾಗಲಿಲ್ಲ. 1961-62ರಲ್ಲಿ ಇಡೀ ಭಾರತದಲ್ಲಿ ತಯಾರಾದದ್ದು 880 ಟ್ರ್ಯಾಕ್ಟರ್! ಹೀಗಾಗಿ ಜೆಟರ್, ಬೆಲಾರುಸ್, ಉರ್ಸುಸ್, ಡಿಟಿ 14 ಸರಕಾರದ ಮೂಲಕವೇ ಬಂದು, ರಾಜ್ಯಗಳ ಕೃಷಿ ಕೈಗಾರಿಕಾ ನಿಗಮಗಳ ಮೂಲಕ ರೈತರ ಕೈ ಸೇರಿದವು. ಹೆಸರು ಬರೆಸಿ ಕಾಯಬೇಕಿತ್ತು. 1971ರಲ್ಲಂತೂ ಟ್ರ್ಯಾಕ್ಟರ್ ಹಂಚಿಕೆ ಮತ್ತು ಮಾರಾಟಕ್ಕೆ ನಿಯಂತ್ರಣ ಆದೇಶವೇ ಬಂತು. ಆ ಕಾಲದಲ್ಲಿ ಯಾವ ಗಾಡಿ ಸಿಕ್ಕಿತೋ ಅದೇ ನಮ್ಮ ಗಾಡಿ. ಆರಿಸುವ ಪುಣ್ಯ ಬಹಳ ಜನರಿಗೆ ಇರಲಿಲ್ಲ.

ಜೆಟರ್‌ನ ಅಂಕಿಗಳನ್ನು ಓದುವುದು ಸುಲಭ. ಜೆಕ್ ನಗರ ಬ್ರನೋದ ಬಂದೂಕು ಕಾರ್ಖಾನೆ 1946ರಲ್ಲಿ ತನ್ನ ಮೊದಲ ಟ್ರ್ಯಾಕ್ಟರ್ ಮಾರಿತು. 1960ರ ಸುಮಾರಿಗೆ ಬಂದ ಸಾಲಿನಲ್ಲಿ 2011 ಎಂದರೆ ಎರಡು ಸಿಲಿಂಡರ್, 3011 ಎಂದರೆ ಮೂರು, 4011 ಎಂದರೆ ನಾಲ್ಕು. ಕೊನೆಯ 11 ಎಂದರೆ ಹಿಂದಿನ ಎರಡು ಗಾಲಿಗೆ ಮಾತ್ರ ಬಲ. ಮುಂದೆ ಬಂದ ನಾಲ್ಕೂ ಗಾಲಿಯ ಗಾಡಿಗಳಿಗೆ ಅಲ್ಲಿ 45 ಎಂದು ಬರೆದರು. ಬೆಂಗಳೂರಿನಲ್ಲಿ ಹುಟ್ಟಿದ ಎಚ್ಎಂಟಿ ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಿಸಿದ ಎಚ್ಎಂಟಿ 2511ರ ಹೆಸರು ಎಲ್ಲಿಂದ ಬಂತೆಂದು ಈಗ ಹೇಳಬೇಕಾಗಿಲ್ಲ. ನಮ್ಮ ಕಡೆ ಇವತ್ತಿಗೂ ಹಿರಿಯರು ಎಚ್ಎಂಟಿ ಎನ್ನುವುದಿಲ್ಲ, ಜೆಟರ್ ಎಂದೇ ಕರೆಯುತ್ತಾರೆ. ಅವರು ಹೇಳುವುದು ಸರಿಯೇ.

ಊರೂರಲ್ಲಿ ಓಡುವ ಮಹೀಂದ್ರಾ 275ರ ಕಥೆಯೂ ಹೀಗೇ. ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪನಿ ಇಂಗ್ಲೆಂಡಿನಲ್ಲಿ 1958ರಲ್ಲಿ ಬಿ 275 ಎಂಬ ಮಾದರಿ ತಂದಿತು. ಮಹೀಂದ್ರಾ, ವೋಲ್ಟಾಸ್ ಜೊತೆಗೂಡಿ 1963ರಲ್ಲಿ ಇಂಟರ್‌ನ್ಯಾಶನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಸ್ಥಾಪನೆಯಾಯಿತು. ಮುಂಬಯಿಯ ಕಾಂದಿವಲಿಯಲ್ಲಿ ಅದೇ ಬಿ 275 ತಯಾರಾಗತೊಡಗಿತು. 1977ರಲ್ಲಿ ಕಂಪನಿ ಮಹೀಂದ್ರಾದಲ್ಲಿ ಕರಗಿತು. ಅಂಕಿ ಮಾತ್ರ ಕರಗಲಿಲ್ಲ. ಹೊಸ ಗಾಡಿ ಕೊಳ್ಳುವ ಹುಡುಗ ಇಂದು ಹೇಳುವ 'ಟೂ ಸೆವೆಂಟಿ ಫೈವ್' ಆರು ದಶಕದ ಹಿಂದೆ ಇಂಗ್ಲೆಂಡಿನಲ್ಲಿ ಇಟ್ಟ ಹೆಸರು. ಹಳೆಯ ಬಿ 275 ಎದುರಾದರೆ ಅದರ ಪಟ್ಟಿಯಲ್ಲಿ 'ಗ್ರೇಟ್ ಬ್ರಿಟನ್' ಎಂದಿದೆಯೋ 'ಇಂಡಿಯಾ' ಎಂದಿದೆಯೋ ನೋಡಿ. ಮೊದಲನೆಯದಾದರೆ ಅಪರೂಪದ ಮಾಲು. ಅದರ ಅಣ್ಣ ಬಿ 250 ಹೆಚ್ಚುಕಡಿಮೆ ಇದರಂತೆಯೇ ಕಾಣುತ್ತದೆ. ಗೇರು ಎಣಿಸಿದರೆ ಗುಟ್ಟು ಬಯಲಾಗುತ್ತದೆ. 250ಕ್ಕೆ ಮುಂದಕ್ಕೆ ಐದು ಗೇರು, 275ಕ್ಕೆ ಎಂಟು.

ಇನ್ನು ಎರಕ ಓದುವ ಕ್ರಮ. ಮೊದಲ ಕೆಲಸ ತೊಳೆಯುವುದು. ಗ್ರೈಂಡರಿಗೆ ತಂತಿ ಚಕ್ರ ಹಾಕಿ ಉಜ್ಜಬೇಡಿ; ಅಚ್ಚಿನ ಅಕ್ಷರ ಉಳಿದರೂ ಉಳಿಯೊತ್ತಿ ಕೂರಿಸಿದ ಅಂಕಿ ಸವೆದು ಹೋಗುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟು, ಮುಂಜಾನೆ ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಜಿಡ್ಡು ತೆಗೆಯಿರಿ. ಒಣಗಿದ ಮೇಲೆ ಸೀಮೆಸುಣ್ಣ ಸವರಿ. ಬ್ಯಾಟರಿ ದೀಪವನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಕಾಣದ ಗೆರೆ ಕಾಣುತ್ತದೆ. ತೆಳು ಕಾಗದ ಒತ್ತಿಟ್ಟು ಮೇಲೆ ಪೆನ್ಸಿಲ್ ಸವರಿದರೆ ನಂಬರು ಕಾಗದಕ್ಕೆ ಇಳಿಯುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಶಾಸನಗಳ ಪಡಿಯಚ್ಚು ತೆಗೆಯುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಓದುವ ಮುಂಚೆ ಪಡಿಯಚ್ಚು ತೆಗೆದಿಡು, ಊಹೆಯನ್ನು ಆಮೇಲೆ ಮಾಡು ಎಂಬ ಅವರ ಶಿಸ್ತು ಇಲ್ಲಿಗೂ ಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎದುರಿಗೆ ನೀಲಿ ಬಣ್ಣದ ಮೂರು ಸಿಲಿಂಡರಿನ ಫೋರ್ಡ್ ಇದೆ ಎಂದಿಟ್ಟುಕೊಳ್ಳಿ. ಬಾನೆಟ್ಟಿನ ಹೆಸರು ಉದುರಿದೆ. ಡೆಕ್ಸ್ಟಾ ಇರಬಹುದೇ, 1965ರಿಂದ ಬಂದ ಫೋರ್ಡ್ 3000 ಇರಬಹುದೇ? ಗೇರ್‌ಬಾಕ್ಸಿನ ಮೇಲೆ 'ಸಿ 5 ಎನ್ ಎನ್' ಎಂದು ಶುರುವಾಗುವ ಅಚ್ಚು ಕಂಡಿತು ಎನ್ನಿ. ಫೋರ್ಡ್ ಲೆಕ್ಕದಲ್ಲಿ ಸಿ ಎಂದರೆ 1960ರ ದಶಕ, ಡಿ ಎಂದರೆ 1970ರ ದಶಕ. 5 ಎಂದರೆ ಆ ದಶಕದ ಐದನೆಯ ವರ್ಷ. ಮುಂದಿನ ಎನ್ ಟ್ರ್ಯಾಕ್ಟರಿನ ಗುರುತು. ಅಂದರೆ ಆ ಭಾಗದ ವಿನ್ಯಾಸ 1965ರದು. ಡೆಕ್ಸ್ಟಾ 1964ಕ್ಕೇ ನಿಂತಿತ್ತು, ಆದ್ದರಿಂದ ಅದು ಡೆಕ್ಸ್ಟಾ ಅಲ್ಲ. ಆದರೆ ಇದು ವಿನ್ಯಾಸದ ವರ್ಷ. ಗಾಡಿ ಹುಟ್ಟಿದ ವರ್ಷವಲ್ಲ. ಬಹಳ ಜನ ಎಡವುವುದು ಇಲ್ಲೇ. ಹುಟ್ಟಿದ ದಿನ ಬೇಕೆಂದರೆ ಅಲ್ಲೇ ಹತ್ತಿರ ಇನ್ನೊಂದು ಸಣ್ಣ ಬರಹ ಹುಡುಕಬೇಕು. '8 ಎಫ್ 14' ಎಂಬಂತೆ ಇರುತ್ತದೆ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಅಕ್ಷರ ತಿಂಗಳು: ಎ ಜನವರಿ, ಬಿ ಫೆಬ್ರವರಿ, ಹೀಗೇ ಎಣಿಸುತ್ತ ಹೋಗಿ, ಒಂದೆಂಬ ಅಂಕಿಯಂತೆ ಕಾಣುವ 'ಐ' ಅಕ್ಷರ ಬಿಟ್ಟಿದ್ದಾರೆ, ಹಾಗಾಗಿ ಡಿಸೆಂಬರಿಗೆ ಎಂ. ಕೊನೆಯದು ತಾರೀಖು. ಹಾಗೆ ಓದಿದರೆ ಜೂನ್ 14. ವರ್ಷ 1968 ಇರಬಹುದು, 1978 ಇರಬಹುದು. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಉಳಿದ ಭಾಗಗಳ ತಾರೀಖು ನೋಡಬೇಕು, ಮಾದರಿ ಯಾವಾಗ ನಿಂತಿತು ಎಂದು ನೋಡಬೇಕು. ಫೋರ್ಡ್ 3000 ಇಂಗ್ಲೆಂಡಿನಲ್ಲಿ 1975ಕ್ಕೆ ಮುಗಿಯಿತು. ಎಸ್ಕಾರ್ಟ್ಸ್ ಕಂಪನಿ ಫೋರ್ಡ್ ಜೊತೆ ಸೇರಿ ಫರೀದಾಬಾದಿನಲ್ಲಿ ಅದನ್ನು 1971ರಿಂದ ತಯಾರಿಸಿತು. ಇಂಗ್ಲೆಂಡಿನ ಎರಕದಲ್ಲಿ 1968ರ ಜೂನ್ ಎಂದು ಕೂಡಿಬಂದರೆ ಗಾಡಿ ಫರೀದಾಬಾದಿನದಲ್ಲ.

ಸುತ್ತಲಿನ ಬಿಡಿಭಾಗಗಳೂ ಸಾಕ್ಷಿ ಹೇಳುತ್ತವೆ. ಇಂಗ್ಲೆಂಡಿನ ಗಾಡಿಗಳಲ್ಲಿ ಲೂಕಸ್ ಕಂಪನಿಯ ಡೈನಮೊ, ಸ್ಟಾರ್ಟರ್ ಇರುತ್ತಿದ್ದವು. ಅವುಗಳ ಮೈಮೇಲೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಗಾಡಿ ಕಾರ್ಖಾನೆ ಬಿಡುವ ಕೆಲವು ವಾರ ಅಥವಾ ತಿಂಗಳ ಮುಂಚೆ ತಯಾರಾದ ಮಾಲು ಅದು. ಡೀಸೆಲ್ ಪಂಪಿನ ಪಟ್ಟಿಯಲ್ಲಿ ಮೈಕೋ ಎಂದಿದ್ದರೆ ಅದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಂಪನಿಯ ಪಂಪು. ಒಂದೋ ಗಾಡಿ ಭಾರತದ್ದು, ಇಲ್ಲವೇ ಪಂಪು ಬದಲಾಗಿದೆ.

ಅಸಲು ತೊಡಕು ಈ ಬದಲಾವಣೆಗಳದ್ದೇ. ಹೊರದೇಶದ ಗಾಡಿಗೆ ಬಿಡಿಭಾಗ ಸಿಗದಾದಾಗ ನಮ್ಮ ಮಿಸ್ತ್ರಿಗಳು ಕೈಕಟ್ಟಿ ಕೂರಲಿಲ್ಲ. ಎಂಜಿನ್ ಹೋದರೆ ಮದ್ರಾಸಿನ ಸಿಂಪ್ಸನ್ ಎಂಜಿನ್ ಕೂರಿಸಿದರು. ಜೋಡಿಸುವ ಪ್ಲೇಟನ್ನು ಲೇಥಿನಲ್ಲಿ ಕಡೆದು ತೂತು ಹೊಂದಿಸಿದರು. ಬುಷ್, ಶಾಫ್ಟು, ಗೇರಿನ ಹಲ್ಲು ಎಲ್ಲವನ್ನೂ ಇಲ್ಲೇ ಮಾಡಿಕೊಂಡರು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ನಾಡಿನ ತುಂಬ ಹರಡಿದ್ದರಿಂದಲೇ ಇಂಥ ರಿಪೇರಿ ಸಣ್ಣ ಊರುಗಳಲ್ಲೂ ಸಾಧ್ಯವಾಯಿತು. ಪರಿಣಾಮವಾಗಿ ಒಂದೇ ಗಾಡಿಯಲ್ಲಿ ಇಂಗ್ಲೆಂಡಿನ ಗೇರ್‌ಬಾಕ್ಸ್, ಮದ್ರಾಸಿನ ಎಂಜಿನ್, ಬೆಂಗಳೂರಿನ ಪಂಪು, ಗದಗದಲ್ಲಿ ಕಡೆದ ಶಾಫ್ಟು ಕೂಡಿರಬಹುದು. ಇದನ್ನು ಯಾವ ಮಾದರಿ ಎಂದು ಕರೆಯುವುದು? ನನ್ನ ಪ್ರಕಾರ ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗ್ ಯಾವುದೋ ಅದೇ ಗಾಡಿಯ ಹೆಸರು. ಇಂಥ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಈ ಎರಕಗಳೇ ಬೆನ್ನೆಲುಬು, ಮತ್ತು ಇವನ್ನು ಬದಲಿಸುವುದು ತೀರಾ ಅಪರೂಪ. ಆದರೆ ಉಳಿದದ್ದನ್ನು ಕಲಬೆರಕೆ ಎಂದು ತಳ್ಳಿಹಾಕುವುದು ಅನ್ಯಾಯ. ಆ ರಿಪೇರಿಗಳನ್ನು ಮಾಡಿದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವರ ಕೈಕೆಲಸ ಉಳಿದಿರುವುದು ಈ ಗಾಡಿಗಳಲ್ಲಿ ಮಾತ್ರ.

ಸರಕಾರದ ನಿಯಮ ಈ ವಿಷಯದಲ್ಲಿ ಬೇರೆ ಥರ ಯೋಚಿಸುತ್ತದೆ. 2021ರಲ್ಲಿ ಕೇಂದ್ರ ಹೊರಡಿಸಿದ ವಿಂಟೇಜ್ ವಾಹನ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಎಂಜಿನ್ ಹೆಚ್ಚು ಮಾರ್ಪಾಡಾಗದೆ ಮೂಲ ರೂಪದಲ್ಲಿರಬೇಕು. ಹಾಗಿದ್ದರೆ 'ವಿಎ' ಅಕ್ಷರದ ನಂಬರು. ಶ್ರೀಮಂತರ ಶೆಡ್ಡಿನಲ್ಲಿ ಮಲಗಿದ ಕಾರಿಗೆ ಇದು ಹೊಂದುತ್ತದೆ. ಐವತ್ತು ವರ್ಷ ಎರಿ ಹೊಲದಲ್ಲಿ ದುಡಿದ ಯಂತ್ರ ಮೂಲ ರೂಪದಲ್ಲಿ ಉಳಿಯಬೇಕೆಂದು ಬಯಸುವುದು ಹೇಗೆ?

ಕಬ್ಬಿಣ ಓದಿದ ಮೇಲೆ ಕಾಗದ ಓದಬೇಕು. ಆರ್.ಸಿ. ಪುಸ್ತಕದಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ತಯಾರಾದ ವರ್ಷ ಇರುತ್ತವೆ. ಎಂಜಿನ್ ನಂಬರು ತಾಳೆಯಾಗದಿದ್ದರೆ ಬದಲಾದ ಕಥೆ ಅಲ್ಲೇ ಸಿಕ್ಕಿತು. ಪುಸ್ತಕ ಕಳೆದಿದ್ದರೆ ಹೊಲದ ಉತಾರ ನೋಡಿ. ಟ್ರ್ಯಾಕ್ಟರ್ ಸಾಲಕ್ಕೆ ಹೊಲ ಒತ್ತೆ ಇಟ್ಟಿದ್ದರೆ ಭೂ ಅಭಿವೃದ್ಧಿ ಬ್ಯಾಂಕಿನದೋ ಸೊಸೈಟಿಯದೋ ಬೋಜಾ ಅದರಲ್ಲಿ ಕೂತಿರುತ್ತದೆ. ಆ ವರ್ಷಕ್ಕಿಂತ ಬಹಳ ಮುಂದೆ ಗಾಡಿ ಬಂದಿರಲಾರದು. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಇಂಥ ಜಿಲ್ಲೆಯಲ್ಲಿ ಹಳೆಯ ಸಾಲದ ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಯಾರಾದರೂ ಒಮ್ಮೆ ತೆರೆದು ನೋಡಬೇಕು. ಯಾವ ಊರಿಗೆ ಯಾವ ವರ್ಷ ಯಾವ ಟ್ರ್ಯಾಕ್ಟರ್ ಬಂತು ಎಂಬ ಮಾಹಿತಿ ಬೇರೆಲ್ಲೂ ಒಟ್ಟಿಗೆ ಸಿಗುವ ಹಾಗಿಲ್ಲ.

ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಇದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಇವುಗಳಲ್ಲಿ ಒಂದಾದರೂ ಮನಸ್ಸು ಮಾಡಿ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿ, ನಿಂತ ಗಾಡಿಗಳ ಫೋಟೊ, ಎರಕದ ಅಂಕಿ, ಮನೆಯವರ ಮಾತು ಮೂರನ್ನೂ ಬರೆಸಿಕೊಂಡರೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ದೊಡ್ಡ ಕಟ್ಟಡ ಬೇಡ, ನೆರಳಿರುವ ಒಂದು ತಗಡಿನ ಶೆಡ್ಡು ಸಾಕು. ಗುಡಿಯ ಕಲ್ಲನ್ನು ಕಾಯಲು ಇಲಾಖೆ ಇದೆ. ನೆಲ ಉತ್ತ ಕಬ್ಬಿಣವನ್ನು ಕಾಯಲು ಯಾರೂ ಇಲ್ಲ. ಈ ಕೊರತೆ ನನ್ನನ್ನು ನಿಜಕ್ಕೂ ನೋಯಿಸುತ್ತದೆ, ಏಕೆಂದರೆ ಕಳೆದ ಎಪ್ಪತ್ತು ವರ್ಷದಲ್ಲಿ ಈ ಸೀಮೆಯ ಬೇಸಾಯ ಬದಲಾದ ಬಗೆಗೆ ಇವುಗಳಿಗಿಂತ ಗಟ್ಟಿ ದಾಖಲೆ ಇಲ್ಲ.

ಅಲ್ಲಿಯ ತನಕ ಮನೆಯವರೇ ಮಾಡಬಹುದಾದ ಕೆಲಸ ಕೆಲವಿವೆ. ಗುಜರಿಗೆ ಕೊಡುವುದು ಅನಿವಾರ್ಯವೇ ಆದರೆ ಡ್ಯಾಶ್‌ಬೋರ್ಡಿನ ಪಟ್ಟಿಯನ್ನು, ಬಾನೆಟ್ಟಿನ ಹೆಸರನ್ನು ಬಿಚ್ಚಿ ಆರ್.ಸಿ. ಪುಸ್ತಕದ ಜೊತೆ ಎತ್ತಿಡಿ. ಎರಕದ ನಂಬರಿನ ಫೋಟೊ ತೆಗೆದು, ಗಾಡಿ ಯಾರು ತಂದರು, ಎಲ್ಲಿಂದ ತಂದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಇಟ್ಟುಕೊಳ್ಳುವ ಮನಸ್ಸಿದ್ದರೆ ರೇಡಿಯೇಟರಿನ ನೀರು ಖಾಲಿ ಮಾಡಿ, ನೋಜಲ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಹ್ಯಾಂಡಲಿನಿಂದ ಒಂದೆರಡು ಸುತ್ತು ತಿರುಗಿಸಿ. ಗಾಲಿಗಳ ಕೆಳಗೆ ಕಲ್ಲು ಕೊಟ್ಟು ಟೈರು ನೆಲಕ್ಕೆ ತಾಗದಂತೆ ಎತ್ತಿ. ನಿಂತ ಗಾಡಿಯ ಎಂಜಿನ್ ಜಾಮ್ ಆಗುವುದು ಬಹುತೇಕ ಸೈಲೆನ್ಸರ್ ಮೂಲಕ ಇಳಿದ ಮಳೆನೀರಿನಿಂದ. ಅದರ ಬಾಯಿಗೆ ಒಂದು ಹಳೆಯ ಎಣ್ಣೆ ಡಬ್ಬಿ ಬೋರಲು ಹಾಕಿ ತಂತಿ ಬಿಗಿದರೆ ಈ ಮುಂಗಾರಿನ ಮಟ್ಟಿಗೆ ಸಾಕು.